ನಡುಮನೆಯ ಹಳೆ ಹೋಲ್ಡರ್ ಇಳಿಸಿ ಹೊಸ ದೀಪ ಕೂರಿಸುವ ಬಗೆ

ತೀರ್ಥಹಳ್ಳಿ ಕಡೆಯ ಒಂದು ಹೆಂಚಿನ ಮನೆಯ ನಡುಮನೆ. ತಲೆ ಎತ್ತಿದರೆ ಹಲಸಿನ ಹಲಗೆಯ ಮುಚ್ಚಿಗೆ, ಅದರಡಿ ಹೊಗೆ ಕುಡಿದು ಕಪ್ಪಾದ ತೊಲೆ. ತೊಲೆಯ ಮೈಗುಂಟ ಮರದ ಪಟ್ಟಿ, ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪಿನಲ್ಲಿ ಬಿಗಿದ ಎರಡು ವೈರ್. ಪಟ್ಟಿ ಮುಗಿಯುವಲ್ಲಿ ಮರದ ರೌಂಡ್ ಬ್ಲಾಕ್, ಅದಕ್ಕೊಂದು ಕಪ್ಪು ಬೇಕಲೈಟ್ ಹೋಲ್ಡರ್. ಎಷ್ಟೋ ವರ್ಷ ಬಲ್ಬಿನ ಬಿಸಿ ತಿಂದು ಹೋಲ್ಡರಿನ ಬಾಯಿ ಬೂದು ಬಣ್ಣಕ್ಕೆ ತಿರುಗಿದೆ. ಬೆರಳಿಟ್ಟರೆ ಪುಡಿ ಉದುರುತ್ತದೆ. ಒಳಗಿನ ಎರಡು ಪಿನ್ನುಗಳಲ್ಲಿ ಒಂದು ಸ್ಪ್ರಿಂಗ್ ಕಳೆದುಕೊಂಡು ಒಳಗೇ ಕೂತಿದೆ. ಬಲ್ಬನ್ನು ಸ್ವಲ್ಪ ತಿರುಚಿ ಹಿಡಿದರೆ ಬೆಳಕು, ಬಿಟ್ಟರೆ ಕತ್ತಲೆ.

ಇದನ್ನು ಇಳಿಸಿ ಹೊಸ ಎಲ್‌ಇಡಿ ದೀಪ ಕೂರಿಸುವುದು ಅರ್ಧ ಗಂಟೆಯ ಕೆಲಸ. ಆದರೆ ಕೈ ಹಾಕುವ ಮೊದಲು ಮಾಡಬೇಕಾದ ತಯಾರಿಗೆ ಒಂದು ಗಂಟೆ ಬೇಕು. ನಾನು ಇಪ್ಪತ್ತು ವರ್ಷದಿಂದ ಮಲೆನಾಡಿನ ಮನೆಗಳಲ್ಲಿ ವೈರಿಂಗ್ ಮಾಡಿಕೊಂಡು ಬಂದವನು. ಬಯಲುಸೀಮೆಯ ಆರ್‌ಸಿಸಿ ಮನೆಗೆ ಹೇಳುವ ಮಾತು ನಮ್ಮ ಮನೆಗಳಿಗೆ ಪೂರ್ತಿ ಹೊಂದುವುದಿಲ್ಲ. ಇಲ್ಲಿ ಥಂಡಿ ಇದೆ, ಇಲಿ ಇದೆ, ಮರದ ಮಾಡು ಇದೆ. ಎಲ್ಲಕ್ಕಿಂತ ಹೆಚ್ಚಾಗಿ ಮನೆಮನೆಯಲ್ಲೂ ಯುಪಿಎಸ್ ಇದೆ. ಹಾಗಾಗಿ ನಮ್ಮ ಮನೆಗಳನ್ನೇ ಕಣ್ಣ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು. ಇದ್ದ ಜಾಗದಲ್ಲೇ ದೀಪ, ಫ್ಯಾನ್, ಸ್ವಿಚ್, ಫ್ಯೂಸ್ ಬದಲಿಸಿಕೊಳ್ಳಲು ಲೈಸೆನ್ಸ್ ಬೇಕಿಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳ ಕಾಲದಿಂದಲೂ ಈ ವಿನಾಯಿತಿ ಇದೆ. ಆದರೆ ಹೊಸ ಪಾಯಿಂಟ್ ಎಳೆಯುವುದು, ವೈರ್ ಬದಲಿಸುವುದು, ಬೋರ್ಡಿನೊಳಗೆ ಲೈನ್ ತಿದ್ದುವುದು ಲೈಸೆನ್ಸ್ ಇರುವ ಗುತ್ತಿಗೆದಾರರ ಕೆಲಸ. ಈ ಲೇಖನ ಮೊದಲನೆಯದಕ್ಕೆ ಮಾತ್ರ.

ಏಣಿ ಹಾಕುವ ಮೊದಲು ನೋಡಿ

ಜೋಗದಲ್ಲಿ ಮಹಾತ್ಮ ಗಾಂಧಿ ವಿದ್ಯುದಾಗಾರ ಶುರುವಾಗಿದ್ದು 1948ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿಯ ಕರೆಂಟು ದೂರದ ಊರುಗಳಿಗೆ ಹೋದ ಎಷ್ಟೋ ವರ್ಷಗಳ ಮೇಲೆ ನಮ್ಮ ಒಳಹಳ್ಳಿಗಳಿಗೆ ಕಂಬ ಬಂತು. ಹೀಗೆ ಒಂದೊಂದು ಮನೆಗೆ ಒಂದೊಂದು ಕಾಲದಲ್ಲಿ ವೈರಿಂಗ್ ಆಗಿದೆ. ನಡುಮನೆಗೆ ಮರದ ಪಟ್ಟಿ, ಆಮೇಲೆ ಕಟ್ಟಿದ ಕೋಣೆಗೆ ಪ್ಲಾಸ್ಟಿಕ್ ಕೇಸಿಂಗ್, ಮೊನ್ನೆ ಮೊನ್ನೆ ಸೇರಿಸಿದ ಬಾತ್‌ರೂಮಿಗೆ ಗೋಡೆಯೊಳಗಿನ ಪೈಪು. ಮೂರೂ ಒಂದೇ ಮನೆಯಲ್ಲಿ, ಒಂದಕ್ಕೊಂದು ಜೋಡಿಸಿಕೊಂಡು. ನಿಮ್ಮ ದೀಪ ಯಾವ ಕಾಲದ ವೈರಿಗೆ ಸೇರಿದ್ದು ಎಂದು ಮೊದಲು ತಿಳಿದುಕೊಳ್ಳಿ.

ಮರದ ಪಟ್ಟಿಯ ಮೇಲಿನ ಹಳೆ ವೈರಾದರೆ ಬಣ್ಣ ನೋಡಿ ಯಾವುದು ಕರೆಂಟು ತರುವ ಫೇಸ್, ಯಾವುದು ಅದು ವಾಪಸ್ ಹೋಗುವ ನ್ಯೂಟ್ರಲ್ ಎಂದು ಹೇಳಲಾಗುವುದಿಲ್ಲ. ಹೊರಗಿನ ಕವಚ ಎರಡಕ್ಕೂ ಒಂದೇ. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥ್ ವೈರ್ ಇರುವುದೂ ಅನುಮಾನ. ಕೆಲವು ಮನೆಗಳಲ್ಲಿ ಒಳಗೆ ತಾಮ್ರ, ಕೆಲವದರಲ್ಲಿ ಅಲ್ಯೂಮಿನಿಯಂ. ಹಳೇ ಕೆಲಸಗಾರರು ಇವತ್ತಿಗೂ 3/22, 3/20 ಎಂದೇ ಮಾತಾಡುತ್ತಾರೆ. ಮೊದಲ ಅಂಕಿ ಎಳೆಗಳ ಲೆಕ್ಕ, ಎರಡನೆಯದು ಎಳೆಯ ದಪ್ಪದ ಗೇಜು. ಈಗ ದೀಪದ ಪಾಯಿಂಟಿಗೆ 1 ಅಥವಾ 1.5 ಚದರ ಮಿಲಿಮೀಟರಿನ ತಾಮ್ರದ ವೈರ್ ಹಾಕುತ್ತೇವೆ. ಕೆಂಪು, ಹಳದಿ, ನೀಲಿ ಇವುಗಳಲ್ಲೊಂದು ಫೇಸ್; ಕಪ್ಪು ನ್ಯೂಟ್ರಲ್; ಹಸಿರು ಅರ್ಥ್. ಇದು ಪದ್ಧತಿ. ಆದರೆ ಕಟ್ಟಿದವರ ಕೈಯಲ್ಲಿ ಕಪ್ಪು ಮುಗಿದಾಗ ಕೆಂಪನ್ನೇ ಎಳೆದ ಮನೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಬಣ್ಣದ ಮೇಲೆ ಭಾರ ಹಾಕಬೇಡಿ.

ಇನ್ನೊಂದು ಮಾತು ಕಲಿತುಕೊಳ್ಳಿ: ಹಾಫ್ ವೈರ್. ಸ್ವಿಚ್ಚಿನಿಂದ ದೀಪಕ್ಕೆ ಹೋಗುವ ವೈರಿಗೆ ನಾವು ಹೀಗೆ ಹೇಳುತ್ತೇವೆ. ಸ್ವಿಚ್ ಹಾಕಿದಾಗ ಮಾತ್ರ ಅದರಲ್ಲಿ ಕರೆಂಟು ಇರಬೇಕು. ದೀಪಕ್ಕೆ ಬೇಕಾದದ್ದು ಈ ಹಾಫ್ ವೈರ್, ನ್ಯೂಟ್ರಲ್, ಇದ್ದರೆ ಅರ್ಥ್.

ಯಾವ ದೀಪ ತರುವುದು

ಅಂಗಡಿಯಲ್ಲಿ ಚಂದ ನೋಡಿ ತರುವವರೇ ಹೆಚ್ಚು. ಪೆಟ್ಟಿಗೆಯ ಹಿಂಬದಿಯನ್ನು ಒಂದು ನಿಮಿಷ ಓದಿ.

ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ವೋಲ್ಟೇಜ್ ಎಷ್ಟರಿಂದ ಎಷ್ಟರವರೆಗೆ ತಾಳುತ್ತದೆ ನೋಡಿ. ನಮ್ಮಲ್ಲಿ 230 ಎಂದು ಹೆಸರಿಗೆ ಇದ್ದರೂ ಸಂಜೆ ಎಲ್ಲರ ಮನೆಯ ಮೋಟರು, ಗ್ರೈಂಡರು ಓಡುವಾಗ ಕೆಳಗಿಳಿಯುತ್ತದೆ. 100ರಿಂದ 300ರವರೆಗೆ ಎಂದು ಬರೆದಿದ್ದರೆ ಒಳ್ಳೆಯದು. ಸರ್ಜ್, ಅಂದರೆ ದಿಢೀರನೆ ಏರುವ ವೋಲ್ಟೇಜ್, ತಡೆಯುವ ಶಕ್ತಿ 4 ಕೆವಿ (4000 ವೋಲ್ಟ್) ಎಂದು ನಮೂದಾಗಿದ್ದರೆ ಇನ್ನೂ ಒಳ್ಳೆಯದು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ನಮ್ಮ ಕಡೆ ಎಲ್‌ಇಡಿಯ ಒಳಗಿನ ಡ್ರೈವರ್ (ದೀಪಕ್ಕೆ ತಕ್ಕಂತೆ ಕರೆಂಟನ್ನು ಹದಮಾಡುವ ಭಾಗ) ಸಾಯುವಷ್ಟು ಬೇರೆ ಕಾರಣಕ್ಕೆ ಸಾಯುವುದಿಲ್ಲ.

ಪಟ್ಟಿಯ ವೈರಿಂಗ್ ಇರುವ ಮನೆಗೆ ಲೋಹದ ಮೈಯ ದೀಪ ತರಬೇಡಿ. ಲೋಹಕ್ಕೆ ಅರ್ಥ್ ಬೇಕೇ ಬೇಕು, ನಿಮ್ಮಲ್ಲಿ ಅದು ಇಲ್ಲ. ಚೌಕದೊಳಗೆ ಚೌಕದ ಗುರುತಿರುವ ಪ್ಲಾಸ್ಟಿಕ್ ಮೈಯ ದೀಪ ಕೇಳಿ. ಎರಡು ಪದರ ಇನ್ಸುಲೇಷನ್ ಇದೆ, ಅರ್ಥ್ ಬೇಡ ಎಂದು ಆ ಗುರುತಿನ ಅರ್ಥ.

ಮುಚ್ಚಿಗೆಗೆ ತೂತು ಕೊರೆದು ಒಳಗೆ ಹುದುಗಿಸುವ ದೀಪವನ್ನು ನಾನು ಹೆಂಚಿನ ಮನೆಗೆ ಹಾಕಿಕೊಡುವುದಿಲ್ಲ, ಎಷ್ಟು ಕೇಳಿದರೂ. ಮುಚ್ಚಿಗೆಯ ಮೇಲೆ ಅಟ್ಟ. ಅಟ್ಟದಲ್ಲಿ ಒಣ ಅಡಿಕೆ ಚೀಲ, ಹಾಳೆ, ಹಳೆ ಗೋಣಿ, ಇಲಿ ತಂದು ಗುಡ್ಡೆ ಹಾಕಿದ ಕಸ. ದೀಪದ ಹಿಂಭಾಗದ ಬಿಸಿ ಹೋಗಲು ಗಾಳಿ ಬೇಕು, ಅಲ್ಲಿ ಗಾಳಿಯ ಬದಲು ಗೋಣಿ ಕೂತಿರುತ್ತದೆ. ಮುಚ್ಚಿಗೆಯ ಮೇಲ್ಮೈಗೆ ಅಂಟಿ ಕೂರುವ ದೀಪವೇ ನಮ್ಮ ಮನೆಗೆ ಸರಿ.

ಬೆಳಕು ಎಷ್ಟು? ಒಂದು 9 ವ್ಯಾಟಿನ ಎಲ್‌ಇಡಿ ಬಲ್ಬು ಹಳೆಯ 60 ವ್ಯಾಟ್ ಬಲ್ಬಿನ ಬೆಳಕನ್ನು ಆರಾಮಾಗಿ ಕೊಡುತ್ತದೆ. 40 ವ್ಯಾಟಿನ ಹಳೆ ಟ್ಯೂಬ್ ಚೋಕು ಸೇರಿ 50 ವ್ಯಾಟ್ ದಾಟುತ್ತಿತ್ತು. ಆ ಜಾಗಕ್ಕೆ 20 ವ್ಯಾಟಿನ ಪಟ್ಟಿ ದೀಪ ಸಾಕು. ಆದರೆ ಕಪ್ಪು ಮರದ ಮುಚ್ಚಿಗೆ, ಕಂದು ಗೋಡೆ ಬೆಳಕನ್ನು ನುಂಗುತ್ತವೆ. ಬಿಳಿ ಸುಣ್ಣದ ಕೋಣೆಗೆ ಎಷ್ಟೋ, ಅದಕ್ಕಿಂತ ಒಂದು ಅಳತೆ ದೊಡ್ಡದು ತನ್ನಿ. ಬಣ್ಣದಲ್ಲಿ ನನ್ನ ಒಲವು 3000 ಕೆಲ್ವಿನ್‌ನ ಹಳದಿ ಬೆಳಕಿಗೆ. ಮರದ ಮನೆಗೆ ಒಪ್ಪುತ್ತದೆ. ಮೊದಲ ಮಳೆ ಬಿದ್ದ ಸಂಜೆ ಹಾತೆಗಳು ಮುತ್ತುವುದೂ 6500ರ ಬಿಳಿ ದೀಪಕ್ಕಿಂತ ಇದಕ್ಕೆ ಕಡಿಮೆ. ಓದುವ ಮಕ್ಕಳಿರುವ ಕೋಣೆಗೆ 4000 ಇರಲಿ. ಜಗಲಿಗೆ, ಬಚ್ಚಲಿಗೆ, ಎರಚಲು ಹೊಡೆಯುವ ಕಡೆಗೆ ದೂಳು, ನೀರು ಒಳಗೆ ಹೋಗದ, ಐಪಿ65 ಎಂದು ಬರೆದದ್ದನ್ನೇ ತನ್ನಿ.

ಇದರ ಜೊತೆಗೆ ಒಂದು ಟೆಸ್ಟರ್, ಹಿಡಿಗೆ ಇನ್ಸುಲೇಷನ್ ಇರುವ ಸ್ಕ್ರೂಡ್ರೈವರ್ ಮತ್ತು ಕಟಿಂಗ್ ಪ್ಲೇಯರ್, ಸ್ಟ್ರಿಪ್ ಕನೆಕ್ಟರ್ (ವೈರ್ ತೂರಿಸಿ ತಿರುಪಿನಿಂದ ಬಿಗಿಯುವ ಪ್ಲಾಸ್ಟಿಕ್ ತುಂಡು), ಇನ್ಸುಲೇಷನ್ ಟೇಪ್. ಒಂದು ಹೋಲ್ಡರಿಗೆ ಎರಡು ಮಾರುದ್ದ ವೈರ್ ಕಟ್ಟಿ ಹಳೇ 40 ವ್ಯಾಟ್ ಬಲ್ಬು ಹಾಕಿ ಟೆಸ್ಟ್ ಲ್ಯಾಂಪ್ ಮಾಡಿಟ್ಟುಕೊಳ್ಳಿ. ವೈರಿನ ತುದಿಗೆ ಹಿಡಿಕೆಯಿರುವ ಪ್ರೋಬ್ ಹಾಕಿಸಿ, ಬರಿಗೈಯಲ್ಲಿ ತಾಮ್ರ ಹಿಡಿಯುವಂತಿರಬಾರದು. ಅದು ಯಾಕೆ ಬೇಕೆಂದು ಮುಂದೆ ಹೇಳುತ್ತೇನೆ.

ಕರೆಂಟು ತೆಗೆಯುವುದು

ಐಟಿಐ ಮುಗಿಸಿ ಮೇಸ್ತ್ರಿಯೊಬ್ಬರ ಜೊತೆ ಕೆಲಸಕ್ಕೆ ಹೋಗುತ್ತಿದ್ದ ಎರಡನೇ ವರ್ಷ. ಜುಲೈ ತಿಂಗಳು, ಮೂರು ದಿನದಿಂದ ಬಿಡದೆ ಹೊಡೆಯುತ್ತಿದ್ದ ಮಳೆ. ಅಡಿಗೆಮನೆಯ ಟ್ಯೂಬ್ ಬದಲಿಸಲು ಏಣಿ ಹತ್ತುತ್ತಾ ಮನೆಯ ಅಮ್ಮನನ್ನು ಕೇಳಿದೆ, "ಅಮ್ಮಾ, ಮೇನ್ ಆಫ್ ಮಾಡಿದೀರಾ?"

"ಮಾಡಿದೀನಿ ಮಾರಾಯ, ಫ್ರಿಜ್ಜೂ ನಿಂತಿದೆ ನೋಡು."

ಫ್ರಿಜ್ಜು ನಿಂತದ್ದು ನಿಜ. ಅಷ್ಟನ್ನೇ ನಂಬಿದೆ. ಎಡಗೈ ಹೆಬ್ಬೆರಳು ವೈರಿಗೆ ತಾಗಿದ್ದು ನೆನಪಿದೆ, ಆಮೇಲೆ ನೆನಪಿರುವುದು ನೆಲ. ಮೂರನೇ ಮೆಟ್ಟಿಲಿನಿಂದ ಬಿದ್ದಿದ್ದೆ. ಬಲ ಮಣಿಕಟ್ಟು ಮುರಿದು ಎರಡು ತಿಂಗಳು ಕೆಲಸವಿಲ್ಲ. ಆ ಮನೆಯ ದೀಪಗಳೆಲ್ಲ ಯುಪಿಎಸ್ ಲೈನಿನಲ್ಲಿದ್ದವು. ಫ್ರಿಜ್ಜು ಮಾತ್ರ ನೇರ ಲೈನಿನಲ್ಲಿತ್ತು. ಮೇನ್ ಆಫ್ ಆದ ಕೂಡಲೇ ಯುಪಿಎಸ್ ತನ್ನ ಕೆಲಸ ತಾನು ಮಾಡಿತ್ತು, ಬ್ಯಾಟರಿಯಿಂದ 230 ವೋಲ್ಟ್ ಎಬ್ಬಿಸಿ ದೀಪದ ಲೈನಿಗೆ ಕೊಟ್ಟಿತ್ತು. ಬ್ಯಾಟರಿ 12 ವೋಲ್ಟಿನದು, ಅದು ಏನು ಮಾಡೀತು ಎನ್ನುವವರಿದ್ದಾರೆ. ಹೊರಗೆ ಬರುವುದು 12 ಅಲ್ಲ, ಪೂರಾ 230.

ಆದ್ದರಿಂದ ಕ್ರಮ ಹೀಗೆ. ಮೊದಲು ಯುಪಿಎಸ್ ಮುಂಭಾಗದ ಸ್ವಿಚ್ ಆಫ್ ಮಾಡಿ. ಇಷ್ಟಕ್ಕೇ ನಿಲ್ಲಿಸಬೇಡಿ. ಹೆಚ್ಚಿನ ಮನೆ ಯುಪಿಎಸ್‌ಗಳಲ್ಲಿ ಮುಂದಿನ ಸ್ವಿಚ್ ಆಫ್ ಇದ್ದರೂ ಹೊರಗಿನ ಕರೆಂಟು ಅದರ ಮೂಲಕ ಹಾದು ದೀಪಕ್ಕೆ ಹೋಗುತ್ತಲೇ ಇರುತ್ತದೆ. ಆಮೇಲೆ ಮನೆಯ ಮೇನ್ ಆಫ್ ಮಾಡಿ. ಯುಪಿಎಸ್ ಒಂದನ್ನೇ ಆಫ್ ಮಾಡಿದರೂ ಕರೆಂಟಿದೆ, ಮೇನ್ ಒಂದನ್ನೇ ಆಫ್ ಮಾಡಿದರೂ ಕರೆಂಟಿದೆ, ಎರಡೂ ಆಗಬೇಕು. ಮಾಡಿನ ಮೇಲೆ ಸೋಲಾರ್ ಹಲಗೆ ಇದ್ದು ಅದಕ್ಕೂ ಬ್ಯಾಟರಿ ಇದ್ದರೆ ಅದರ ಸ್ವಿಚ್ಚೂ ಸೇರಿ ಮೂರು.

ದೀಪದ ಲೈನಿನ ಒಂದು ಎಂಸಿಬಿ (ಈಗ ಫ್ಯೂಸಿನ ಬದಲು ಬೋರ್ಡಿನಲ್ಲಿ ಹಾಕುವ ಸ್ವಿಚ್) ಇಳಿಸಿದರೆ ಸಾಲದೇ ಎಂದು ಕೇಳಬಹುದು. ಒಂಟಿ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೇ ಇರುತ್ತದೆ. ಹಳೆ ಮನೆಗಳಲ್ಲಿ ಎರಡು ಲೈನಿನ ನ್ಯೂಟ್ರಲ್ ಎಲ್ಲೋ ಅಟ್ಟದಲ್ಲಿ ಒಂದಾಗಿರುವುದುಂಟು. ಆಗ ನೀವು ಬಿಚ್ಚಿದ ನ್ಯೂಟ್ರಲ್ ವೈರಿನಲ್ಲಿ ಪಕ್ಕದ ಕೋಣೆಯ ಕರೆಂಟು ನಿಮ್ಮ ಕೈಗೆ ಬರುತ್ತದೆ. ಎರಡೂ ವೈರನ್ನು ಕಡಿಯುವ ಡಬಲ್ ಪೋಲ್ ಮೇನನ್ನೇ ಇಳಿಸಿ. ಪಿಂಗಾಣಿ ಫ್ಯೂಸಿನ ಮನೆಯಾದರೆ ಮೇನ್ ಇಳಿಸಿದ ಮೇಲೆ ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ. ಎಂಸಿಬಿ ಆದರೆ ಮೇಲೆ ಟೇಪ್ ಸುತ್ತಿ, "ಕೆಲಸ ನಡೀತಿದೆ, ಹಾಕಬೇಡಿ" ಎಂದು ಚೀಟಿ ಅಂಟಿಸಿ. ಮನೆಮಂದಿಗೆಲ್ಲ ಬಾಯಿಬಿಟ್ಟು ಹೇಳಿ. ಕರೆಂಟು ಹೋಗಿದೆಯೆಂದುಕೊಂಡು ಬೋರ್ಡಿನ ಹತ್ತಿರ ಹೋಗಿ ಮೇನ್ ಮೇಲೆತ್ತುವ ಅಜ್ಜ, ಶಾಲೆಯಿಂದ ಬಂದು ಟಿವಿ ಹಾಕುವ ಮಕ್ಕಳು ಎಲ್ಲರ ಮನೆಯಲ್ಲೂ ಇರುತ್ತಾರೆ.

ಊರಿಗೇ ಕರೆಂಟು ಹೋದ ಹೊತ್ತು ನೋಡಿ ಕೆಲಸಕ್ಕೆ ಕೈ ಹಾಕುವವರೂ ಇದ್ದಾರೆ. ಅದು ಯಾವ ಕ್ಷಣಕ್ಕೆ ಬರುತ್ತದೆಂದು ಹೇಳಲಾಗದು. ಮೇನ್ ಇಳಿಸದೆ ಹತ್ತಲೇಬೇಡಿ. ಗುಡುಗು ಇರುವಾಗ, ಮಾಡು ಸೋರುತ್ತಿರುವಾಗ ಕೆಲಸವನ್ನೇ ಮುಂದಕ್ಕೆ ಹಾಕಿ.

ಇನ್ನು ಪರೀಕ್ಷೆ. ಟೆಸ್ಟರ್ ಹಿಡಿದು ಮೊದಲು ಕರೆಂಟು ಇರುವ ಪ್ಲಗ್ಗಿನಲ್ಲಿ ಉರಿಯುತ್ತದೆಯೇ ನೋಡಿಕೊಳ್ಳಿ. ಮೇನ್ ಇಳಿಸುವ ಮೊದಲೇ ಇದನ್ನು ಮಾಡಬೇಕು. ಇಳಿಸಿದ ಮೇಲೆ ದೀಪದ ಎರಡೂ ವೈರಿಗೆ, ಸ್ವಿಚ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಹಿಡಿಯಿರಿ. ಕೆಲಸ ಮುಗಿದು ಕರೆಂಟು ಬಂದಾಗ ಅದೇ ಪ್ಲಗ್ಗಿನಲ್ಲಿ ಮತ್ತೆ ಹಿಡಿದು ಟೆಸ್ಟರ್ ಸರಿಯಿತ್ತು ಎಂದು ಖಾತ್ರಿ ಮಾಡಿಕೊಳ್ಳಿ. ಟೆಸ್ಟರಿನ ಪುಟ್ಟ ದೀಪ ಉರಿಯುವುದು ನಿಮ್ಮ ಮೈ ಮೂಲಕ ಹಾದುಹೋಗುವ ತೀರಾ ಸಣ್ಣ ಕರೆಂಟಿನಿಂದ. ಒಣ ಮರದ ಏಣಿಯ ಮೇಲೆ ರಬ್ಬರ್ ಚಪ್ಪಲಿ ಹಾಕಿ ನಿಂತಾಗ ಅದು ಮಂಕಾಗುತ್ತದೆ, ಹಗಲು ಬೆಳಕಿನಲ್ಲಿ ಕಾಣದೆಯೂ ಹೋಗಬಹುದು. ಅಂಗೈ ಮರೆ ಮಾಡಿ ನೋಡಿ. ಟೆಸ್ಟ್ ಲ್ಯಾಂಪ್ ಬೇಕಾಗುವುದು ಇಲ್ಲಿಯೇ. ಎರಡೂ ವೈರಿಗೆ ಅದರ ಪ್ರೋಬ್ ಮುಟ್ಟಿಸಿದಾಗ ಉರಿಯಬಾರದು. ಆದರೆ ಬರೀ ಟೆಸ್ಟ್ ಲ್ಯಾಂಪನ್ನೂ ನಂಬಬೇಡಿ. ನ್ಯೂಟ್ರಲ್ ಕಡಿದಿದ್ದರೆ ಫೇಸಿನಲ್ಲಿ ಕರೆಂಟಿದ್ದೂ ಅದು ಉರಿಯುವುದಿಲ್ಲ. ಎರಡೂ ಸಾಕ್ಷಿ ಒಂದೇ ಮಾತು ಹೇಳಿದ ಮೇಲೆ ವೈರ್ ಮುಟ್ಟಿ.

ಹಳೆಯದನ್ನು ಇಳಿಸುವುದು

ಬಿದಿರು ಅಥವಾ ಮರದ ಏಣಿ ಇರಲಿ, ಅಲ್ಯೂಮಿನಿಯಂ ಬೇಡ. ಮಳೆಗಾಲದಲ್ಲಿ ನಮ್ಮ ಕಾವಿ ನೆಲ ಬೆವರುತ್ತದೆ, ಏಣಿಯ ಬುಡ ಜಾರುತ್ತದೆ. ಬುಡಕ್ಕೆ ಒಣ ಗೋಣಿ ಹಾಕಿ, ಒಬ್ಬರನ್ನು ಹಿಡಿಯಲು ನಿಲ್ಲಿಸಿಕೊಳ್ಳಿ. ಅವರಿಗೆ ಮೇನ್ ಎಲ್ಲಿದೆ ಎಂದು ಗೊತ್ತಿರಬೇಕು.

ಬಲ್ಬು ತೆಗೆಯಿರಿ. ಟ್ಯೂಬಾದರೆ ಕಾಲು ಸುತ್ತು ತಿರುಗಿಸಿ ನಿಧಾನ ಕೆಳಗೆ ಕೊಡಿ. ಅದರೊಳಗೆ ಪಾದರಸದ ಆವಿ ಇದೆ, ಒಡೆದು ತಿಪ್ಪೆಗೆ ಹಾಕಬೇಡಿ. ಹಳೆ ಪೆಟ್ಟಿಗೆಯಲ್ಲಿಟ್ಟು ಪಟ್ಟಣದ ಎಲೆಕ್ಟ್ರಾನಿಕ್ ಕಸ ತೆಗೆದುಕೊಳ್ಳುವ ಕಡೆ ಕೊಡಿ. ಚೋಕು ಭಾರ, ಪಟ್ಟಿಯ ಸ್ಕ್ರೂ ಬಿಚ್ಚುವಾಗ ಒಂದು ಕೈ ಅದಕ್ಕೆ ಆನಿಕೆಯಾಗಿರಲಿ.

ಹೋಲ್ಡರಿನ ಮುಚ್ಚಳ ಬಿಚ್ಚಿದ ಕೂಡಲೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಒಂದು ತಿರುಪಿನ ಕೆಳಗೆ ಎರಡು ವೈರ್ ಕೂತಿರುವುದು ನಮ್ಮ ಹಳೆ ಮನೆಗಳಲ್ಲಿ ಸಾಮಾನ್ಯ. ಅದು ಮುಂದಿನ ಕೋಣೆಗೆ ಹೋಗುವ ನ್ಯೂಟ್ರಲ್. ನೀವು ಅದನ್ನು ಬಿಡಿಸಿ ಒಂದನ್ನೇ ಹೊಸ ದೀಪಕ್ಕೆ ಕೊಟ್ಟರೆ ನಡುಮನೆ ಬೆಳಗುತ್ತದೆ, ದೇವರಕೋಣೆ ಕತ್ತಲಾಗುತ್ತದೆ. ಜೊತೆಗಿದ್ದವು ಜೊತೆಗೇ ಇರಲಿ.

ರೌಂಡ್ ಬ್ಲಾಕ್ ಕಿತ್ತಾಗ ಒಳಗೆ ಏನಿದೆಯೆಂದು ಟಾರ್ಚು ಹಿಡಿದು ನೋಡಿ. ಇರುವೆಯ ಮಣ್ಣು, ಹಲ್ಲಿಯ ಮೊಟ್ಟೆಯ ಸಿಪ್ಪೆ, ಗೆದ್ದಲಿನ ಗೆರೆ ಸಿಗುತ್ತವೆ. ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ನೀರು ಹಾಕಬೇಡಿ. ವೈರನ್ನು ಬೆರಳಿನಲ್ಲಿ ಮೆಲ್ಲಗೆ ಬಾಗಿಸಿ. ರಬ್ಬರು ಮೆತ್ತಗಿದ್ದರೆ ಮುಂದುವರಿಯಿರಿ. ಬಿಸ್ಕತ್ತಿನ ಹಾಗೆ ಮುರಿದು ತಾಮ್ರ ಕಂಡಿತೋ, ಇಲಿ ಕಚ್ಚಿದ ಗುರುತು ಕಂಡಿತೋ, ಅಲ್ಲಿಗೇ ನಿಲ್ಲಿಸಿ. ವೈರಿನ ತುದಿಗಳನ್ನು ಬೇರೆ ಬೇರೆ ಕನೆಕ್ಟರಿನಲ್ಲಿ ಮುಚ್ಚಿ ಟೇಪ್ ಸುತ್ತಿ, ಆ ಲೈನಿಗೆ ಕರೆಂಟು ಕೊಡದೆ ವೈರ್‌ಮ್ಯಾನನ್ನು ಕರೆಯಿರಿ. ತುದಿಯಲ್ಲಿ ಹಾಗಿದ್ದರೆ ಮುಚ್ಚಿಗೆಯ ಮೇಲೆ ಕಾಣದ ಕಡೆಯೂ ಹಾಗೇ ಇರುತ್ತದೆ. ಸುತ್ತ ಇರುವುದು ನೂರು ವರ್ಷದ ಒಣಮರ.

ಯಾವುದು ಹಾಫ್ ವೈರ್ ಎಂದು ಕಂಡುಹಿಡಿಯುವುದು

ಎರಡು ವೈರನ್ನೂ ಬೇರೆ ಮಾಡಿ, ಒಂದೊಂದನ್ನು ಒಂದೊಂದು ಕನೆಕ್ಟರಿಗೆ ಹಾಕಿ ಬಿಗಿಯಿರಿ. ಬರಿ ತಾಮ್ರ ಎಲ್ಲೂ ಹೊರಗೆ ಕಾಣಬಾರದು, ಕನೆಕ್ಟರಿನ ತಿರುಪು ಮಾತ್ರ ಟೆಸ್ಟರಿಗೆ ಸಿಗುವಂತಿರಲಿ. ಕೆಳಗಿಳಿದು ಮೇನ್ ಹಾಕಿ. ಮತ್ತೆ ಹತ್ತಿ, ಒಂದು ಕೈಯಲ್ಲಿ ಟೆಸ್ಟರ್, ಇನ್ನೊಂದು ಕೈ ಏಣಿಯ ಮೇಲೆ.

ಸ್ವಿಚ್ ಹಾಕಿದಾಗ ಒಂದು ವೈರಿನಲ್ಲಿ ಟೆಸ್ಟರ್ ಉರಿದು, ತೆಗೆದಾಗ ಆರಿದರೆ ಅದೇ ಹಾಫ್ ವೈರ್. ಇನ್ನೊಂದು ನ್ಯೂಟ್ರಲ್. ಕೆಂಪು ಟೇಪಿನ ತುಂಡು ಸುತ್ತಿ ಗುರುತು ಮಾಡಿ.

ಸ್ವಿಚ್ ತೆಗೆದಾಗಲೂ ಒಂದರಲ್ಲಿ ಟೆಸ್ಟರ್ ಜೋರಾಗಿ ಉರಿಯುತ್ತಲೇ ಇದ್ದರೆ ಸ್ವಿಚ್ ನ್ಯೂಟ್ರಲ್‌ನಲ್ಲಿದೆ ಎಂದರ್ಥ. ಫೇಸು ನೇರವಾಗಿ ದೀಪಕ್ಕೆ ಬಂದಿದೆ, ಸ್ವಿಚ್ಚು ವಾಪಸ್ ಹೋಗುವ ದಾರಿಯನ್ನು ಮಾತ್ರ ಕಡಿಯುತ್ತಿದೆ. ಹಳೆ ಮನೆಗಳಲ್ಲಿ ನಾನು ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಸ್ವಿಚ್ ಆಫ್ ಮಾಡಿ ಬಲ್ಬು ಬದಲಿಸುತ್ತಿದ್ದ ಮನೆಯವರು ಅಷ್ಟು ವರ್ಷವೂ ಕರೆಂಟಿರುವ ಹೋಲ್ಡರಿಗೇ ಬೆರಳು ಹಾಕುತ್ತಿದ್ದರು. ಇದನ್ನು ಬೋರ್ಡಿನಲ್ಲಿ ತಿದ್ದಬೇಕು, ಅದಕ್ಕೆ ವೈರ್‌ಮ್ಯಾನ್ ಬೇಕು. ಹಾಗೇ ಬಿಟ್ಟು ದೀಪ ಹಾಕಬೇಡಿ. ಎರಡೂ ವೈರಿನಲ್ಲಿ ಉರಿದರೆ ನ್ಯೂಟ್ರಲ್ ಎಲ್ಲೋ ಕಡಿದಿದೆ, ಅದಕ್ಕೂ ಅವರೇ ಬೇಕು.

ಗುರುತು ಮಾಡಿದ ಮೇಲೆ ಇಳಿದು ಬಂದು ಯುಪಿಎಸ್, ಮೇನ್ ಎರಡೂ ಮತ್ತೆ ಆಫ್. ಮೇಲೆ ಹತ್ತಿದ ಮೇಲೆ ಪರೀಕ್ಷೆಯೂ ಮತ್ತೆ ಮೊದಲಿನಿಂದ. "ಈಗಷ್ಟೇ ನೋಡಿದ್ದೆನಲ್ಲ" ಎಂದು ಬಿಡಬೇಡಿ.

ಕೂರಿಸಿ ವೈರ್ ಕೊಡುವುದು

ಮರದ ಮುಚ್ಚಿಗೆಗೆ ಗಿಟ್ಟಿ (ಸ್ಕ್ರೂ ಹಿಡಿಯಲು ತೂತಿಗೆ ತುಂಬುವ ತುಂಡು) ಬೇಡ, ನೇರ ಸ್ಕ್ರೂ. ಆದರೆ ಹಳೆ ಹಲಸು, ಹೊನ್ನೆ, ಮತ್ತಿ ಕಬ್ಬಿಣದ ಹಾಗೆ ಗಟ್ಟಿ. ಹಾಗೇ ತಿರುಗಿಸಿದರೆ ಸ್ಕ್ರೂವಿನ ತಲೆ ಮುರಿದು ಕೈಗೆ ಬರುತ್ತದೆ. ಮೊದಲು 2 ಮಿಲಿಮೀಟರ್ ಬಿಟ್ಟಿನಲ್ಲಿ ತೂತು ಕೊರೆದುಕೊಳ್ಳಿ, ಕೊರೆಯುವ ಜಾಗದಲ್ಲಿ ಮೇಲೆ ವೈರ್ ಹೋಗಿಲ್ಲವೆಂದು ಅಟ್ಟ ಹತ್ತಿ ನೋಡಿದ ಮೇಲೆ. ಸ್ಕ್ರೂವಿನ ಮೈಯನ್ನು ಒಣ ಸೋಪಿಗೆ ಒಂದೆರಡು ಸಲ ಉಜ್ಜಿ. ನಮ್ಮ ಬಡಗಿಗಳು ಮಾಡುವ ಉಪಾಯ ಇದು, ಬೆಣ್ಣೆಯ ಹಾಗೆ ಒಳಗೆ ಹೋಗುತ್ತದೆ. ಕಬ್ಬಿಣದ ಸ್ಕ್ರೂ ನಮ್ಮ ಥಂಡಿಗೆ ಬೇಗ ತುಕ್ಕು ಹಿಡಿಯುತ್ತದೆ; ಹಿತ್ತಾಳೆಯದು ಅಥವಾ ಸ್ಟೀಲಿನದು ಹಾಕಿ. ಆರ್‌ಸಿಸಿ ಆದರೆ 6 ಮಿಲಿಮೀಟರಿನ ತೂತು, ಗಿಟ್ಟಿ, ಸ್ಕ್ರೂ, ಅಷ್ಟೇ. ತೂಗುದೀಪವಾದರೆ ಅದರ ಭಾರ ಕೊಕ್ಕೆಯ ಮೇಲಿರಬೇಕು, ವೈರಿನ ಮೇಲೆ ಗುಂಜಿಯಷ್ಟೂ ಬೀಳಬಾರದು.

ವೈರಿನ ತುದಿ 8ರಿಂದ 10 ಮಿಲಿಮೀಟರ್ ಮಾತ್ರ ಸುಲಿಯಿರಿ. ಎಳೆಗಳನ್ನು ಒಟ್ಟಿಗೆ ಹೊಸೆದು ಕನೆಕ್ಟರಿನೊಳಗೆ ತೂರಿಸಿ ಬಿಗಿಯಿರಿ. ಹಾಫ್ ವೈರ್ ಎಲ್ ಎಂದು ಬರೆದಲ್ಲಿಗೆ, ನ್ಯೂಟ್ರಲ್ ಎನ್ ಎಂದು ಬರೆದಲ್ಲಿಗೆ, ಹಸಿರು ಅರ್ಥ್ ಗುರುತಿಗೆ. ಬಿಗಿದ ಮೇಲೆ ಒಂದೊಂದು ವೈರನ್ನೂ ಮೆಲ್ಲಗೆ ಜಗ್ಗಿ ನೋಡಿ. ಜಗ್ಗಿದರೆ ಬರುವ ವೈರು ನಾಳೆ ಬಿಸಿಯಾಗುವ ವೈರು. ದೀಪದಿಂದ ಹೊರಟ ತೆಳು ವೈರನ್ನೂ ಹಳೆ ವೈರನ್ನೂ ಹೊಸೆದು ಬರೀ ಟೇಪ್ ಸುತ್ತುವ ಅಭ್ಯಾಸ ಬಿಡಬೇಕು. ನಾಲ್ಕು ಮಳೆಗಾಲಕ್ಕೆ ಟೇಪಿನ ಅಂಟು ಕರಗಿ ಜೋತುಬೀಳುತ್ತದೆ. ಹಳೆಯದು ಅಲ್ಯೂಮಿನಿಯಂ ಆಗಿದ್ದರಂತೂ ತಾಮ್ರದ ಜೊತೆ ಹೊಸೆಯಲೇಬೇಡಿ, ತೇವದಲ್ಲಿ ಎರಡೂ ಕೂಡಿದ ಕಡೆ ತಿಂದುಹೋಗಿ ಜಾಯಿಂಟು ಸುಡುತ್ತದೆ. ಎರಡು ಲೋಹಕ್ಕೂ ಆಗುವ ಕನೆಕ್ಟರ್ ಕೇಳಿ ತನ್ನಿ.

ಅರ್ಥ್ ವೈರ್ ಇಲ್ಲವೆಂದು ಅರ್ಥ್ ತಿರುಪನ್ನು ನ್ಯೂಟ್ರಲ್‌ಗೆ ಜೋಡಿಸುವವರಿದ್ದಾರೆ. ಕಂಬದಿಂದ ಬರುವ ನ್ಯೂಟ್ರಲ್ ಗಾಳಿಮಳೆಗೆ ಕಡಿದ ದಿನ ದೀಪದ ಇಡೀ ಮೈಗೆ ಕರೆಂಟು ಬರುತ್ತದೆ. ನಮ್ಮ ಕಡೆ ಮರ ಬಿದ್ದು ಲೈನ್ ಕಡಿಯದ ಮಳೆಗಾಲ ಯಾವುದಿದೆ?

ವೈರ್ ಒಳಗೆ ಹೋಗುವ ಸಂದಿಯನ್ನು ಸಿಲಿಕಾನ್ ಹಚ್ಚಿ ಮುಚ್ಚಿ, ಇಲ್ಲದಿದ್ದರೆ ತಿಂಗಳೊಳಗೆ ದೀಪದ ಡೋಮಿನಲ್ಲಿ ಹಾತೆಗಳ ರಾಶಿ. ಜಗಲಿಯ ದೀಪಕ್ಕೆ ವೈರ್ ಒಮ್ಮೆ ಕೆಳಗೆ ಬಾಗಿ ಆಮೇಲೆ ಮೇಲಕ್ಕೆ ಹೋಗಲಿ. ವೈರ್ ಗುಂಟ ಇಳಿದ ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ದೀಪದೊಳಗೆ ಹೋಗುವುದಿಲ್ಲ.

ಹಚ್ಚಿ ನೋಡುವುದು

ಮುಚ್ಚಳ ಹಾಕಿ, ಕೆಳಗಿಳಿದು, ಏಣಿ ಪಕ್ಕಕ್ಕಿಟ್ಟು ಮೇನ್ ಹಾಕಿ. ದೀಪ ಹಚ್ಚಿ. ಆಮೇಲೆ ಯುಪಿಎಸ್ ಹಾಕಿ, ಮೇನ್ ಇಳಿಸಿ ಬ್ಯಾಟರಿಯ ಮೇಲೂ ಉರಿಯುತ್ತದೆಯೇ ನೋಡಿ.

ಹಚ್ಚಿದ ಕೂಡಲೇ, ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಆರ್‌ಸಿಸಿಬಿ ಬಿದ್ದರೆ ನ್ಯೂಟ್ರಲ್ ಎಲ್ಲೋ ಅರ್ಥ್‌ಗೆ ತಾಗಿದೆ ಅಥವಾ ವೈರ್ ಹಸಿಯಾಗಿದೆ. 30 ಮಿಲಿಆಂಪ್‌ನ ಆ ಪೆಟ್ಟಿಗೆ ಇರುವುದು ನಿಮ್ಮ ಜೀವಕ್ಕೆ, ಬೀಳುತ್ತದೆಂದು ಅದನ್ನು ತಪ್ಪಿಸಿ ನೇರ ಲೈನ್ ಕೊಡಬೇಡಿ. ಇಲ್ಲದ ಮನೆಯವರು ಇದೇ ನೆಪದಲ್ಲಿ ಹಾಕಿಸಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ.

ಸ್ವಿಚ್ ತೆಗೆದ ಮೇಲೂ ಎಲ್‌ಇಡಿ ಮಿಣಮಿಣ ಉರಿಯುತ್ತಿದ್ದರೆ ದೀಪ ಕೆಟ್ಟಿದೆಯೆಂದು ಅಂಗಡಿಗೆ ಓಡಬೇಡಿ. ಸ್ವಿಚ್ಚಿನಲ್ಲಿ ಪುಟ್ಟ ಕೆಂಪು ಇಂಡಿಕೇಟರ್ ಇದ್ದರೆ ಅದರ ಮೂಲಕ ಹರಿಯುವ ಸಣ್ಣ ಕರೆಂಟು ಸಾಕು. ಉದ್ದಕ್ಕೂ ಜೊತೆಯಾಗಿ ಓಡುವ ವೈರ್‌ಗಳಲ್ಲಿ ಪಕ್ಕದ ಫೇಸಿನ ಪ್ರಭಾವಕ್ಕೂ ಹಾಗಾಗುತ್ತದೆ. ಇಂಡಿಕೇಟರ್ ಇಲ್ಲದೆಯೂ ಉರಿದರೆ ಸ್ವಿಚ್ ನ್ಯೂಟ್ರಲ್‌ನಲ್ಲಿದೆಯೇ ಎಂದು ಇನ್ನೊಮ್ಮೆ ನೋಡಿಸಿ.

ಒಂದು ಗಂಟೆ ಉರಿಸಿ, ಸುಟ್ಟ ವಾಸನೆ ಇದೆಯೇ, ಸ್ವಿಚ್ ಬೋರ್ಡು ಬಿಸಿಯಾಗಿದೆಯೇ ನೋಡಿ. ಯಾರಿಗಾದರೂ ಶಾಕ್ ಹೊಡೆದು ವೈರಿಗೆ ಅಂಟಿಕೊಂಡರೆ ಅವರನ್ನು ಮುಟ್ಟಬೇಡಿ. ಮೇನ್ ಮತ್ತು ಯುಪಿಎಸ್ ಇಳಿಸಿ, ಆಗದಿದ್ದರೆ ಒಣ ಮರದ ಕೋಲಿನಿಂದ ಬಿಡಿಸಿ, 108ಕ್ಕೆ ಫೋನ್ ಮಾಡಿ. ಕಂಬದ ಕಡೆಯ ತೊಂದರೆಗೆ ನಮ್ಮ ಕಡೆ ಕರೆಂಟು ಕೊಡುವ ಮೆಸ್ಕಾಂನ 1912.

ಕೊನೆಗೆ ಒಂದು ಚಿಕ್ಕ ಕೆಲಸ. ಕಪ್ಪು ಮಾರ್ಕರ್ ತೆಗೆದುಕೊಂಡು ಸ್ವಿಚ್ ಬೋರ್ಡಿನ ಅಂಚಿನಲ್ಲಿ "ನಡುಮನೆ ದೀಪ, ಯುಪಿಎಸ್ ಲೈನ್" ಎಂದು ದಪ್ಪಕ್ಷರದಲ್ಲಿ ಬರೆಯಿರಿ, ಇಂದಿನ ತಾರೀಕಿನ ಜೊತೆ. ಮುಂದಿನ ಸಲ ಏಣಿ ಹತ್ತುವವನು ಫ್ರಿಜ್ಜು ನಿಂತಿತೇ ಎಂದು ನೋಡದೆ ಇದನ್ನು ಓದಲಿ.